ಗರಗಸದ ಗಾಯ

ಮನುಷ್ಯನ ಕೈಯಲ್ಲಿರುವ ಸಲಕರಣೆಗಳಲ್ಲಿ ಗರಗಸದಷ್ಟು ನಿಷ್ಠುರವಾದುದು ಬಹುಶಃ ಮತ್ತೊಂದಿಲ್ಲ. ಲೇಖನಿ ತಪ್ಪಿದರೆ ಗೀಟು ಎಳೆದು ಮುಂದಕ್ಕೆ ಹೋಗಬಹುದು. ದರ್ಜಿಯ ಕತ್ತರಿ ತಪ್ಪಿದರೆ ತಂದೆಯ ಅಂಗಿ ಮಗನ ಅಂಗಿಯಾಗುತ್ತದೆ. ಅಷ್ಟಕ್ಕೂ ಬಟ್ಟೆ ಸಾಲದಿದ್ದರೆ ಕೈಚೀಲವಂತೂ ಆಗಿಯೇ ತೀರುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಗೃಹಿಣಿಯರ ಬತ್ತಳಿಕೆಯಲ್ಲಿ ಹತ್ತು ಉಪಾಯಗಳಿವೆ. ಅವುಗಳಲ್ಲಿ ಒಂದು, ಬಡಿಸುವ ಹೊತ್ತಿಗೆ ಯಜಮಾನರನ್ನು ಬೇರೆ ಮಾತಿಗೆ ಎಳೆಯುವುದು. ಗರಗಸವು ನಡೆದುಹೋದ ದಾರಿಯಲ್ಲಾದರೋ ಮರವೇ ಉಳಿದಿರುವುದಿಲ್ಲ. ಉಳಿಯಿಂದ ಸೀಳಿದ ಎರಡು ಹೋಳುಗಳನ್ನು ಮತ್ತೆ ಹತ್ತಿರ ತಂದರೆ ಅವು ಒಂದರೊಳಗೊಂದು ಕುಳಿತುಕೊಳ್ಳುತ್ತವೆ. ಗರಗಸದಿಂದ ಕೊಯ್ದ ಹೋಳುಗಳು ಹಾಗೆ ಕೂಡಲಾರವು; ಹಲ್ಲಿನ ದಪ್ಪದಷ್ಟು ಮರ ಹುಡಿಯಾಗಿ ಬಡಗಿಯ ಕಾಲಬುಡದಲ್ಲಿ ಬಿದ್ದಿರುತ್ತದೆ. ಮುತ್ತು ಒಡೆದರೆ ಹೋಯಿತು ಎಂದ ಹಿರಿಯರು ಗರಗಸ ಹಿಡಿದವರನ್ನೂ ಕಂಡಿದ್ದಿರಬೇಕು.

ಮನೆಯ ಮೇಜಿಗೋ ಕಪಾಟಿಗೋ ಇಂಥದೊಂದು ಕಚ್ಚು ಬಿದ್ದರೆ ಅನಾಹುತವೇನೂ ಇಲ್ಲ. ಸ್ವಲ್ಪ ಮೇಣ, ಸ್ವಲ್ಪ ಬಣ್ಣ, ನೆಂಟರು ಬರುವ ದಿನ ಮೇಲೊಂದು ಕಸೂತಿಯ ಬಟ್ಟೆ, ಅಲ್ಲಿಗೆ ಮುಗಿಯಿತು. ದೋಣಿಯ ಮರದ ಮಾತು ಬೇರೆ. ಅದು ಹಗಲಿರುಳು ನೀರಿನ ಒತ್ತಡವನ್ನು ಹೊರುತ್ತದೆ. ಅಲೆ ಬಂದಾಗ ಬಾಗುತ್ತದೆ, ಅಲೆ ಹೋದಾಗ ನೆಟ್ಟಗಾಗುತ್ತದೆ, ಹಾಯಿ ಬಿಚ್ಚಿದಾಗ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಅದರ ಬೆನ್ನಿನ ಮೇಲೆ ಕುಳಿತವರಿಗೂ ಆಳವಾದ ನೀರಿಗೂ ನಡುವೆ ಇರುವುದು ಒಂದಂಗುಲದ ಹಲಗೆ.

ಮಂಗಳೂರಿನ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇತ್ರಾವತಿಯೂ ಗುರುಪುರ ನದಿಯೂ ಜೊತೆಗೂಡಿ ಕಡಲನ್ನು ಸೇರುವ ಅಳಿವೆಬಾಗಿಲಿನ ಒಳಗೆ, ಬಂದರು, ಬೋಳಾರ, ಹೊಯಿಗೆ ಬಜಾರು, ಆಚೆ ದಡದ ಬೆಂಗ್ರೆ, ಈ ಸೀಮೆಯಲ್ಲೆಲ್ಲ ಮರದ ದೋಣಿಗಳ ಇತಿಹಾಸ ಹರಡಿಕೊಂಡಿದೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರಿನ ಕೆಂಪು ಹೆಂಚು ದೂರದೂರದ ಊರುಗಳ ಮಾಡುಗಳನ್ನು ಏರಿತಷ್ಟೆ. ಆ ಹೆಂಚಿಗೆ ಬೇಕಾದ ಮಣ್ಣು ಬಂದದ್ದು ದೋಣಿಯಲ್ಲಿ, ಸುಟ್ಟ ಹೆಂಚು ಹೋದದ್ದು ಹಾಯಿ ಕಟ್ಟಿದ ಹಡಗುಗಳಲ್ಲಿ. ೧೯೭೫ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಗಿ ಕಬ್ಬಿಣದ ಹಡಗುಗಳೆಲ್ಲ ಅತ್ತ ಹೋದ ಮೇಲೂ ಹಳೆಯ ಬಂದರಿನ ಮಂಜಿಗಳು ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟುಗಳನ್ನು ಹೊತ್ತುಕೊಂಡು ಹೋಗುವುದನ್ನು ಬಿಡಲಿಲ್ಲ. ಮಳೆಗಾಲದಲ್ಲಿ ಅವು ದಡ ಸೇರುತ್ತವೆ. ಮೀನುಗಾರಿಕೆಯ ದೋಣಿಗಳಿಗೂ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಸರಕಾರದ ರಜೆ. ಆ ದಿನಗಳಲ್ಲಿ ನದಿಯ ಅಂಚಿನಲ್ಲಿ ನಡೆದರೆ ಮೀನೆಣ್ಣೆ, ರಾಳ, ಹಸಿಮರ, ಬಣ್ಣ, ಇವೆಲ್ಲ ಕೂಡಿದ ಒಂದು ವಾಸನೆ ಮೂಗಿಗೆ ಅಡರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುವುದುಂಟು. ಹಳಬರು ಅದನ್ನೇ ಆಳವಾಗಿ ಎಳೆದುಕೊಳ್ಳುವುದೂ ಉಂಟು.

ಈ ಸೀಮೆಯ ಒಂದು ಮನೆಯ ಹಿತ್ತಿಲಲ್ಲಿ, ತೆಂಗಿನ ಮರಗಳ ನಡುವೆ, ಇಪ್ಪತ್ತೆರಡು ಅಡಿ ಉದ್ದದ ಒಂದು ಹಾಯಿದೋಣಿ ಹಲವು ವರ್ಷಗಳಿಂದ ಬೋರಲು ಬಿದ್ದಿತ್ತು. ಮನೆಯ ಯಜಮಾನರ ತಂದೆ ಅದನ್ನು ನೇತ್ರಾವತಿಯಲ್ಲಿ ನಡೆಸುತ್ತಿದ್ದರು. ಮಧ್ಯಾಹ್ನ ಕಡಲ ಗಾಳಿ ಎದ್ದಾಗ ಹಾಯಿ ಬಿಚ್ಚಿ ನದಿಯ ಮೇಲುಗಡೆಗೆ ಹೋಗುವುದು, ತೆಂಗಿನಕಾಯಿಯನ್ನೋ ಕಟ್ಟಿಗೆಯನ್ನೋ ತುಂಬಿಕೊಂಡು ಇಳಿಯುವ ನೀರಿನೊಡನೆ ಬೆಳಗಿನ ಜಾವಕ್ಕೆ ಮರಳಿ ಬರುವುದು. ಎಣ್ಣೆಯ ಖರ್ಚಿಲ್ಲದ ವ್ಯಾಪಾರ. ಸೇತುವೆಗಳಾದವು, ಲಾರಿಗಳು ಬಂದವು, ವ್ಯಾಪಾರ ನಿಂತಿತು. ತಂದೆ ತೀರಿಕೊಂಡ ಮೇಲೆ ದೋಣಿಯನ್ನು ಮಾರಲು ಯಜಮಾನರಿಗೆ ಮನಸ್ಸು ಬರಲಿಲ್ಲ. ನಡೆಸಲು ಪುರಸತ್ತೂ ಇರಲಿಲ್ಲ. ಹೆಂಚಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಲೆಕ್ಕ ಬರೆದು, ನಿವೃತ್ತರಾಗಿ, ಅರುವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಮೊಮ್ಮಕ್ಕಳನ್ನು ಆ ದೋಣಿಯಲ್ಲಿ ಕುಳ್ಳಿರಿಸಬೇಕೆಂಬ ಹಂಬಲ ಹುಟ್ಟಿತು.

“ಆ ದುಡ್ಡಿನಲ್ಲಿ ಎರಡು ಫೈಬರ್ ದೋಣಿ ಬರುತ್ತದೆ,” ಎಂದು ನೆರೆಯವರು ಹೇಳಿದರು. “ಆ ದುಡ್ಡಿನಲ್ಲಿ ಅಡಿಗೆಮನೆಯ ಮಾಡು ರಿಪೇರಿಯಾಗುತ್ತದೆ,” ಎಂದು ಮನೆಯವರು ಹೇಳಿದರು. ಇಬ್ಬರ ಮಾತೂ ನಿಜವಾಗಿತ್ತು. ಯಜಮಾನರು ಇಬ್ಬರಿಗೂ ತಲೆಯಾಡಿಸಿ, ಎಪ್ಪತ್ತು ದಾಟಿದ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿಯ ಮಗನೂ ದೋಣಿಯ ಕೆಲಸದಲ್ಲಿಯೇ ಇದ್ದಾನೆ. ಆದರೆ ಅಚ್ಚಿನೊಳಗೆ ಗಾಜಿನ ನಾರನ್ನು ಹಾಸಿ ಅಂಟು ಸುರಿಯುವ ಕೆಲಸ. ಮರ ಮುಟ್ಟುವವರು ಆ ಮನೆಯಲ್ಲಿ ಇನ್ನು ಮುಂದೆ ಇಲ್ಲ.

ಮರದ ದೋಣಿಯನ್ನು ರಿಪೇರಿ ಮಾಡುವುದೆಂದರೆ ಮೊದಲು ಅದನ್ನು ಹಾಳುಮಾಡುವುದೇ ಸರಿ. ಕೊಳೆತ ಹಲಗೆಯನ್ನು ತೆಗೆಯದೆ ಹೊಸದನ್ನು ಕೂರಿಸಲಾಗದು. ತೆಗೆಯುವುದು ಸುಲಭವೂ ಅಲ್ಲ. ಹಿಂದಿನ ಕಾಲದ ಹೊಲಿದ ಹಡಗುಗಳಲ್ಲಿ ಈ ಕಷ್ಟವಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತನು, ಹಿಂದೂಸ್ಥಾನದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂದೂ ಬಂಡೆಗೆ ತಾಗಿದಾಗ ಮೊಳೆ ಹೊಡೆದ ಹಡಗು ಒಡೆದರೆ ಹೊಲಿದದ್ದು ತುಸು ಬಾಗಿ ತಡೆದುಕೊಳ್ಳುತ್ತದೆಂದೂ ಬರೆದಿದ್ದಾನೆ. ಆ ವಿದ್ಯೆ ಪೂರ್ತಿ ಮರೆಯಾಗಿಲ್ಲ. ಅದೇ ರೀತಿಯಲ್ಲಿ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿ ಹಡಗನ್ನು ೨೦೨೫ರ ಮೇ ೨೧ರಂದು ನಮ್ಮ ಕಾರವಾರದಲ್ಲಿಯೇ ಭಾರತದ ನೌಕಾದಳಕ್ಕೆ ಸೇರಿಸಿಕೊಳ್ಳಲಾಯಿತು. ಹೊಲಿದ ಹಲಗೆಯನ್ನು ತೆಗೆಯಬೇಕಾದರೆ ಹುರಿಯನ್ನು ಕತ್ತರಿಸಿದರೆ ಸಾಕು. ಮೊಳೆ ಹೊಡೆದ ದೋಣಿಯಲ್ಲಿ ಹಾಗಲ್ಲ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಉಬ್ಬಿ, ಸುತ್ತಲ ಮರವನ್ನು ಕಪ್ಪಾಗಿಸಿ, ಹಲ್ಲು ಕಚ್ಚಿದಂತೆ ಕುಳಿತಿರುತ್ತದೆ. ಎಳೆದರೆ ತಲೆ ಮಾತ್ರ ಕೈಗೆ ಬರುತ್ತದೆ. ಅಲ್ಲಿ ಗರಗಸಕ್ಕೆ ಕರೆ ಹೋಗುತ್ತದೆ.

ಯಜಮಾನರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಮೇ ತಿಂಗಳಲ್ಲಿ ಹೆಂಡತಿ ಮಕ್ಕಳೊಡನೆ ರಜೆಗೆ ಬಂದವನು ಬರುವಾಗ ತಂದೆಗೆ ಸಹಾಯವಾಗಲೆಂದು ಒಂದು ವಿದ್ಯುತ್ ಗರಗಸವನ್ನು ತಂದಿದ್ದನು. ದುಂಡಗಿನ ಅಲಗು, ಬೆರಳಿಟ್ಟರೆ ಗಿರ್ರೆಂದು ತಿರುಗುವ ಯಂತ್ರ. ಮೇಸ್ತ್ರಿಗಳು ಅದನ್ನು ಎತ್ತಿ ನೋಡಿ, ತೂಕ ಅಂದಾಜು ಮಾಡಿ, ಮಾತಾಡದೆ ಕೆಳಗಿಟ್ಟರು. ಒಂದು ಭಾನುವಾರ ಮೇಸ್ತ್ರಿಗಳು ಬಾರದ ದಿನ, ಬಲಪಕ್ಕದ ಒಂದು ಕೊಳೆತ ಹಲಗೆಯನ್ನು ತಾನೇ ತೆಗೆದು ಅವರ ಎರಡು ದಿನದ ಕೆಲಸವನ್ನು ಹಗುರಮಾಡಬೇಕೆಂದು ಮಗನು ಹೊರಟನು. ಉದ್ದೇಶ ಒಳ್ಳೆಯದೇ. ಲೋಕದಲ್ಲಿ ಮರ ಕೆಟ್ಟದ್ದು ಹೆಚ್ಚಾಗಿ ಒಳ್ಳೆಯ ಉದ್ದೇಶಗಳಿಂದಲೇ.

ಕೈಗರಗಸಕ್ಕೆ ಒಂದು ಬಗೆಯ ಸಂಕೋಚವುಂಟು. ಅದು ಒಂದೊಂದು ಎಳೆತಕ್ಕೂ ಸ್ವಲ್ಪ ಸ್ವಲ್ಪ ಮುಂದುವರಿಯುತ್ತದೆ. ದಾರಿ ತಪ್ಪಿದೆನೆಂದು ಕೈಗೆ ತಿಳಿಸಿ ಕೇಳುತ್ತದೆ. ಯಂತ್ರದ ಗರಗಸ ಕೇಳುವುದಿಲ್ಲ. ಅದರ ಅಲಗನ್ನು ಹಲಗೆಯ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆಗೆ ಕಟ್ಟಿ, ಉಳಿದದ್ದನ್ನು ಉಳಿಯಿಂದ ಬಿಡಿಸುವುದು ಕ್ರಮ. ಮಗನು ಹಲಗೆ ಒಂದಂಗುಲವೆಂದು ಅಲಗನ್ನೂ ಒಂದಂಗುಲಕ್ಕೆ ಕಟ್ಟಿದನು. ಆದರೆ ಅರ್ಧ ಶತಮಾನದ ನೀರು ಹಲಗೆಯನ್ನು ಅಲ್ಲಲ್ಲಿ ತೆಳ್ಳಗೆ ತೇದಿತ್ತು. ಇನ್ನೊಂದು, ದೋಣಿಯ ಮೈ ದುಂಡಗೆ. ಯಂತ್ರದ ತಳ ಚಪ್ಪಟೆ. ಅದು ಒಂದು ಕಡೆ ಕುಳಿತರೆ ಇನ್ನೊಂದು ಕಡೆ ಓಲಾಡುತ್ತದೆ. ಹೀಗಾಗಿ ಹಲಗೆಯ ಅಂಚಿನುದ್ದಕ್ಕೂ ಗರಗಸ ಹಾಯಾಗಿ ಓಡಿತು. ಹಲಗೆ ಕಳಚಿಬಿದ್ದಾಗ ಅದರ ಹಿಂದೆ ನಿಂತಿದ್ದ ನಾಲ್ಕು ಮರಗಳ ಮೇಲೆ ನಾಲ್ಕು ಕಪ್ಪು ಗೀರುಗಳು ಕಾಣಿಸಿದವು.

ಆ ಮರಗಳ ವಿಚಾರ ಸ್ವಲ್ಪ ಹೇಳಬೇಕು. ದೋಣಿಯ ಒಳಗೆ, ನಮ್ಮ ಎದೆಯ ಗೂಡಿನ ಎಲುಬುಗಳಂತೆ, ಬಾಗಿದ ಮರಗಳು ಸಾಲಾಗಿ ನಿಂತಿರುತ್ತವೆ. ಹಲಗೆಗಳೆಲ್ಲ ಅವುಗಳ ಹೊರಮೈಗೆ ತಗಲಿಕೊಂಡಿರುತ್ತವೆ. ಪಕ್ಕೆಮರಗಳೆಂದರೆ ಓದುಗರಿಗೆ ತಿಳಿದೀತು. ನಮ್ಮ ಕರಾವಳಿಯ ದೋಣಿ ಕಟ್ಟುವವರು ನೆಟ್ಟಗಿನ ತೊಲೆಯನ್ನು ಕೊಯ್ದು ಬಾಗು ಬರಿಸುವುದಕ್ಕಿಂತ, ಕಾಡಿನಲ್ಲಿ ಹುಟ್ಟುವಾಗಲೇ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ತರುವುದನ್ನೇ ಮೆಚ್ಚುತ್ತಾರೆ. ಕಾರಣವಿಷ್ಟೆ: ಮರದ ಬಲವೆಲ್ಲ ಅದರ ನಾರಿನಲ್ಲಿದೆ. ನಾರುಗಳು ಒಂದು ಕಟ್ಟು ಹಿಡಿಸೂಡಿಯ ಕಡ್ಡಿಗಳಂತೆ ಉದ್ದಕ್ಕೆ ಸಾಗಿರುತ್ತವೆ. ಉದ್ದಕ್ಕೆ ಎಳೆದರೆ ಆನೆ ಎಳೆದರೂ ಬಾರದು, ಅಡ್ಡಕ್ಕೆ ಬಿಡಿಸಿದರೆ ಮಗುವೂ ಬಿಡಿಸೀತು. ಬಾಗಿ ಬೆಳೆದ ಹೆಬ್ಬಲಸಿನ ಕೊಂಬೆಯಲ್ಲಿ ನಾರು ಬಾಗಿನೊಡನೆಯೇ ಬಾಗಿ, ಎಲ್ಲಿಯೂ ತುಂಡಾಗದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ.

ಇದರಿಂದ ಗರಗಸದ ತಪ್ಪುಗಳಲ್ಲಿ ಎರಡು ಜಾತಿಗಳಾಗುತ್ತವೆ. ನಾರಿನ ಉದ್ದಕ್ಕೆ ಬಿದ್ದ ಕಚ್ಚು ನೋಡಲು ಭಯಂಕರವಾದರೂ ಸಾಧು. ಮೊಳದುದ್ದವಿದ್ದರೂ ಅದು ಎರಡು ಹಲಗೆಗಳ ನಡುವಣ ಸಂದಿನಂಥದೇ. ಹತ್ತಿಯ ಎಳೆಯನ್ನು ಬಡಿದು ತುಂಬಿ, ರಾಳವನ್ನೂ ಎಣ್ಣೆಯನ್ನೂ ಕಾಯಿಸಿ ಮೆತ್ತಿದರೆ ನೀರು ನಿಲ್ಲುತ್ತದೆ, ಬಲವೂ ಹೆಚ್ಚು ಕುಂದುವುದಿಲ್ಲ. ನಾರಿಗೆ ಅಡ್ಡಲಾಗಿ ಬಿದ್ದ ಕಚ್ಚು ಬೆರಳಗಲವಿದ್ದರೂ ಕೇಡು. ಮಗನು ಹಲಗೆಯ ಉದ್ದಕ್ಕೆ ಗರಗಸ ನಡೆಸಿದ್ದನು. ಪಕ್ಕೆಮರಗಳಾದರೋ ಹಲಗೆಗೆ ಅಡ್ಡಲಾಗಿ ನಿಂತವು. ಆದಕಾರಣ ಹಲಗೆಗೆ ಸಾಧುವಾದ ದಾರಿಯೇ ಅವುಗಳಿಗೆ ಮಾರಕವಾಯಿತು.

ಅವನು ಇಂಜಿನಿಯರಾದುದರಿಂದ ಲೆಕ್ಕ ಅವನಿಗೆ ಗೊತ್ತಿತ್ತು. ಅದೇ ಸಂಕಟವನ್ನು ಹೆಚ್ಚಿಸಿತು. ಎರಡಂಗುಲ ದಪ್ಪದ ಮರದಲ್ಲಿ ಅರೆಯಂಗುಲ ಕಚ್ಚು ಬಿದ್ದರೆ ಹೋದದ್ದು ಕಾಲುಭಾಗವೆಂದು ಸಾಮಾನ್ಯರು ಭಾವಿಸುತ್ತಾರೆ. ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ವರ್ಗವನ್ನು ಅನುಸರಿಸುತ್ತದೆ. ಕಾಲಂಗುಲದ ಕಚ್ಚಿಗೆ ನೂರರಲ್ಲಿ ೨೩ ಭಾಗ, ಅರೆಯಂಗುಲಕ್ಕೆ ೪೪, ಮುಕ್ಕಾಲಂಗುಲಕ್ಕೆ ೬೧ ಭಾಗ ಶಕ್ತಿ ನಷ್ಟ. ಅದರ ಮೇಲೆ, ಕಚ್ಚಿನ ತಳದ ಚೂಪಾದ ಮೂಲೆಯಲ್ಲಿ ಒತ್ತಡವೆಲ್ಲ ಬಂದು ಗುಂಪುಗೂಡುವುದರಿಂದ ಬಿರುಕು ಅಲ್ಲಿಂದಲೇ ಮುಂದೆ ಓಡುತ್ತದೆ. ಹಳೆಯ ಬಟ್ಟೆಯನ್ನು ಹರಿಯುವ ಮೊದಲು ಹೆಂಗಸರು ಅಂಚಿಗೆ ಸಣ್ಣ ಕತ್ತರಿ ಹಾಕುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ತಿಳಿದ ತರುಣನು ಆಮೇಲೆ ಮಾಡಿದ್ದೇನು? ಪೇಟೆಗೆ ಹೋಗಿ ಒಂದು ಡಬ್ಬಿ ಲಪ್ಪವನ್ನು ತಂದನು. ನಾಲ್ಕು ಗೀರುಗಳಿಗೂ ಅದನ್ನು ಒತ್ತಿ ತುಂಬಿ, ಉಜ್ಜಿ ನಯಮಾಡಿ, ಮೇಲೆ ಕೆಂಪು ಬಣ್ಣ ಬಳಿದನು. ವಿದ್ಯೆಗೂ ಭಯಕ್ಕೂ ನಡುವೆ ಜಗಳವಾದಾಗ ಗೆಲ್ಲುವುದು ಯಾವುದೆಂಬುದು ಪರೀಕ್ಷೆ ಬರೆದವರಿಗೆಲ್ಲ ತಿಳಿದದ್ದೇ. ಹಾಗೆಂದು ಅವನನ್ನು ಕಪಟಿಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ತಂದೆ ಆ ದೋಣಿಯನ್ನು ದಿನಕ್ಕೆ ನಾಲ್ಕು ಸಲ ಬಂದು ಮುಟ್ಟಿ ನೋಡುವುದನ್ನು ಅವನು ಕಂಡಿದ್ದನು. ಅದರ ಎಲುಬನ್ನು ಕೊಯ್ದೆನೆಂದು ಯಾವ ಬಾಯಿಂದ ಹೇಳುವುದು? ತಾನೇ ಹೇಗಾದರೂ ಸರಿಮಾಡುವೆನೆಂದು, ನಾಳೆ ಹೇಳಿದರಾಯಿತೆಂದು, ಸಾಯಂಕಾಲದವರೆಗೆ ಮನಸ್ಸನ್ನು ಸಮಾಧಾನಮಾಡುತ್ತಿದ್ದನು.

ಮರುದಿನ ಬೆಳಿಗ್ಗೆ ಮೇಸ್ತ್ರಿಗಳು ಬಂದವರೇ ಎಲೆಯಡಿಕೆಯನ್ನು ದವಡೆಗೆ ಸೇರಿಸಿ ದೋಣಿಯ ಸುತ್ತ ಒಂದು ಸುತ್ತು ಹಾಕಿ, ಬಲಪಕ್ಕದಲ್ಲಿ ನಿಂತರು.

“ಏನು ಮಾರಾಯಾ, ಈ ನಾಲ್ಕು ಮರಗಳಿಗೆ ಮಾತ್ರ ಯಾವ ಹಬ್ಬ?” ಎಂದು ತುಳುವಿನಲ್ಲಿ ಕೇಳಿದರು.

ಮಗನು ತಲೆ ತಗ್ಗಿಸಿದನು. ಯಜಮಾನರು ಅಂಗಳದಿಂದ ಇಳಿದು ಬರುತ್ತಿದ್ದರು. ಮೇಸ್ತ್ರಿಗಳು ಉಗುರಿನಿಂದ ಬಣ್ಣವನ್ನು ಕೆರೆದರು. ಕೆಳಗೆ ಮೆತ್ತನೆಯ ಲಪ್ಪ ಸಿಕ್ಕಿತು. ಅವರು ಬೈಯಲಿಲ್ಲ.

“ಎಷ್ಟು ಆಳ ಹೋಗಿದೆ?”

“ಸರಿಯಾಗಿ ನೋಡಲಿಲ್ಲ ಅಜ್ಜಾ. ಒಂದು ಅರ್ಧ ಅಂಗುಲ ಇರಬಹುದು.”

“ಇರಬಹುದು ಅಂದರೆ ದೋಣಿ ತೇಲುತ್ತದಾ? ಕೊಯ್ದದ್ದಕ್ಕೆ ಏನೂ ಇಲ್ಲ, ಕೊಯ್ಯದ ಬಡಗಿ ಯಾರಿದ್ದಾನೆ. ಆಳ ಗೊತ್ತಿಲ್ಲದೆ ಮುಚ್ಚಿದೆಯಲ್ಲ ಮಗಾ, ಅದಕ್ಕೆ ಈಗ ಇನ್ನಷ್ಟು ಕೊಯ್ಯಬೇಕು.”

ಯಜಮಾನರು ಕೇಳಿಸಿಕೊಂಡು ಸುಮ್ಮನೆ ನಿಂತರು. ಒಂದು ಮಾತೂ ಆಡದೆ ಅವರು ಒಳಗೆ ಹೋದದ್ದು ಮಗನಿಗೆ ಬೈಗುಳಕ್ಕಿಂತ ಕಠಿನವಾಯಿತು. ಆ ದಿನ ಊಟದ ಹೊತ್ತಿಗೆ ಮನೆಯಲ್ಲಿ ಮಾತಾಡಿದವರು ಮಕ್ಕಳು ಮಾತ್ರ.

ಮೇಸ್ತ್ರಿಗಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಲಪ್ಪದಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹತ್ತುವುದಿಲ್ಲ. ಮೀನೆಣ್ಣೆ ಕುಡಿದು ಕಪ್ಪಾದ ಹಳೆಯ ದೋಣಿಗೆ ಮೊದಲೇ ಆ ತೊಂದರೆ. ಅದರ ಜೊತೆಗೆ ಇದೊಂದು. ಎರಡು ಮೂರು ಮಿಲಿಮೀಟರು ಅಗಲದ ಗೀರಿನ ಒಳಗನ್ನು ಒರೆಸಿ ಶುದ್ಧಮಾಡಲು ಬೆರಳೂ ಹೋಗದು, ಬಟ್ಟೆಯೂ ಹೋಗದು. ಆದ್ದರಿಂದ ಗಾಯವನ್ನು ಅಗಲಮಾಡಿ, ಬಣ್ಣ ತಿಳಿಯಾದ ಹೊಸ ಮರ ಕಾಣುವವರೆಗೆ ಕೆತ್ತಿ ತೆಗೆಯದೆ ವಿಧಿಯಿರಲಿಲ್ಲ. ಆ ಕೆಲಸವನ್ನು ಮೇಸ್ತ್ರಿಗಳು ತಾವು ಮಾಡಲಿಲ್ಲ. ಒಂದು ಸಣ್ಣ ಉಳಿಯನ್ನು ಮಸೆದು ಮಗನ ಕೈಗೆ ಕೊಟ್ಟು, ತೆಂಗಿನ ಗರಿಯಿಂದ ಒಂದು ಕಡ್ಡಿಯನ್ನು ಸೀಳಿಕೊಂಡು ಪಕ್ಕದಲ್ಲಿ ಕುಳಿತರು. ಗೀರು ಬರಿದಾದಂತೆಲ್ಲ ಕಡ್ಡಿಯನ್ನು ತೂರಿ, ಉಗುರು ಒತ್ತಿ ಗುರುತುಮಾಡಿ, ಹೊರಗೆ ತೆಗೆದು ಅಳೆದರು. ಎರಡು ಮರಗಳಲ್ಲಿ ಕಾಲಂಗುಲ. ಮೂರನೆಯದರಲ್ಲಿ ಅರೆಯಂಗುಲ. ನಾಲ್ಕನೆಯದರಲ್ಲಿ, ಯಂತ್ರವು ವಾಲಿದ ಜಾಗದಲ್ಲಿ, ಮುಕ್ಕಾಲಂಗುಲ. ಕಡ್ಡಿಯ ಮೇಲಿನ ಆ ನಾಲ್ಕನೆಯ ಗುರುತನ್ನು ಅವರು ಮಗನಿಗೆ ತೋರಿಸಿದರು. ಬಾಯಿಂದ ಏನೂ ಹೇಳಲಿಲ್ಲ.

ಗೀರಿನೊಳಗೆ ಅಷ್ಟೇ ದಪ್ಪದ ಚಕ್ಕೆಯೊಂದನ್ನು ಅಂಟು ಹಚ್ಚಿ ಬಡಿದು ಕೂರಿಸಿದರೆ ಸಾಲದೆ ಎಂದು ಯಾರಿಗಾದರೂ ತೋರೀತು. ಮಗನೂ ಅದನ್ನೇ ಕೇಳಿದನು. ಅದು ಅರ್ಧ ಉತ್ತರ. ಮರ ಒಳಕ್ಕೆ ಒತ್ತಿಕೊಂಡಾಗ ಆ ಚಕ್ಕೆ ಬೆಣೆಯಂತೆ ತಡೆದು ನಿಲ್ಲುತ್ತದೆ. ಎಳೆತ ಬಂದಾಗ ಅದನ್ನು ಹಿಡಿದಿರುವುದು ಅಂಟೊಂದೇ. ಅದೂ ಕೊಯ್ದ ನಾರಿನ ತುದಿಗಳ ಮೇಲೆ. ಕಡ್ಡಿಗಳ ಕಟ್ಟಿನ ತುದಿಗೆ ತುದಿಯನ್ನು ಅಂಟಿಸಿದರೆ ಹೇಗೋ ಹಾಗೆ. ನೀರಿನಲ್ಲಿರುವಾಗ ಅಲೆಯ ಒತ್ತಡ ಒಂದು ದಿಕ್ಕಿನಿಂದ. ಮರಳಿನ ಮೇಲೆ ಎಳೆದು ನಿಲ್ಲಿಸಿದಾಗ ದೋಣಿಯ ಭಾರವೇ ಇನ್ನೊಂದು ದಿಕ್ಕಿನಿಂದ. “ಇವತ್ತು ಒತ್ತುವ ಮರವನ್ನು ನಾಳೆ ಎಳೆಯುತ್ತದೆ,” ಎಂದರು ಮೇಸ್ತ್ರಿಗಳು.

ನಾರಿನ ತುದಿಗೆ ಅಂಟು ಹಿಡಿಯದಿದ್ದರೂ ನಾರಿನ ಪಕ್ಕಕ್ಕೆ ಹಿಡಿಯುತ್ತದೆ. ಕೊಯ್ದ ಜಾಗವನ್ನು ಎರಡೂ ಕಡೆಗೆ ಓರೆಯಾಗಿ, ಆಳವಿಲ್ಲದ ದೊನ್ನೆಯ ಹಾಗೆ ಕೆತ್ತಿದರೆ ತುದಿಗಳು ಮರೆಯಾಗಿ ಪಕ್ಕಗಳು ಮೇಲೆ ಬರುತ್ತವೆ. ಆ ಓರೆ ಎಷ್ಟಿರಬೇಕು? ದೋಣಿಯ ಕೆಲಸದಲ್ಲಿ ದೇಶವಿದೇಶಗಳೆಲ್ಲ ಒಪ್ಪಿದ ಪ್ರಮಾಣ ಒಂದಕ್ಕೆ ಎಂಟು. ಹಾಯಿಕಂಬದಂಥ ಬಹಳ ಬಾಗುವ ಮರಕ್ಕೆ ಒಂದಕ್ಕೆ ಹನ್ನೆರಡು. ಮೇಸ್ತ್ರಿಗಳು ಪುಸ್ತಕ ಓದಿದವರಲ್ಲ. ಅವರ ಗೇಣು ಲೆಕ್ಕವೂ ಹತ್ತಿರ ಹತ್ತಿರ ಅಲ್ಲಿಗೇ ಬಂತು. ಕಾಲಂಗುಲದ ಕಚ್ಚಿಗೆ ಆಚೆ ಈಚೆ ಎರಡೆರಡು ಅಂಗುಲ; ಅರೆಯಂಗುಲದ್ದಕ್ಕೆ ನಾಲ್ಕು ನಾಲ್ಕು ಅಂಗುಲ. ದಾರದಷ್ಟು ಸಣ್ಣ ಗೀರಿಗೆ ಎಂಟಂಗುಲ ಉದ್ದದ ತೇಪೆ! ಮಗನಿಗೆ ಕೆತ್ತುವಾಗ ಕೈ ನಡುಗಿತೆಂದರೆ ಆಶ್ಚರ್ಯವಿಲ್ಲ. ಕೆಡಿಸಿದ್ದಕ್ಕಿಂತ ಹತ್ತು ಪಾಲು ಹೆಚ್ಚು ಮರವನ್ನು ಸರಿಪಡಿಸುವುದಕ್ಕಾಗಿಯೇ ಅವನು ತೆಗೆಯಬೇಕಾಯಿತು.

ತೇಪೆಗೆ ಅದೇ ಜಾತಿಯ ಮರವೇ ಆಗಬೇಕು, ಹಳೆಯದಾದಷ್ಟೂ ಒಳ್ಳೆಯದು. ಮರವು ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆಂಬಷ್ಟು. ಅಡ್ಡಕ್ಕೆ ಉಬ್ಬುವುದು ಬಹಳ. ಜಾತಿಯೋ ನಾರಿನ ದಿಕ್ಕೋ ಬೇರೆಯಾದರೆ ಮರ ಒಂದು ಪ್ರಮಾಣದಲ್ಲಿ, ತೇಪೆ ಇನ್ನೊಂದು ಪ್ರಮಾಣದಲ್ಲಿ ಉಬ್ಬಿ ಒಂದನ್ನೊಂದು ತಳ್ಳಿಹಾಕುತ್ತವೆ. ಕೊಟ್ಟಿಗೆಯ ಅಟ್ಟದ ಮೇಲೆ ಯಜಮಾನರ ತಂದೆ ಎತ್ತಿಟ್ಟಿದ್ದ ಹೆಬ್ಬಲಸಿನ ಒಂದು ಬಾಗಿದ ತುಂಡು ಇತ್ತು. ಅದನ್ನು ಇಳಿಸಿ ತಂದುಕೊಟ್ಟವರು ಯಜಮಾನರು. ಬೆಳಗಿನಿಂದ ಅವರು ದೋಣಿಯ ಬಳಿಗೆ ಬಂದದ್ದು ಅದೇ ಮೊದಲು. “ಇದು ಆಗುತ್ತದಾ ನೋಡು,” ಎಂದು ಮಗನಿಗೇ ಹೇಳಿದರು, ಮೇಸ್ತ್ರಿಗಳಿಗಲ್ಲ.

ಅಂಟಿನ ವಿಷಯದಲ್ಲಿ ಮಾತ್ರ ಮುದುಕರು ತರುಣನಿಗೆ ಸೋತರು. ರಾಳ ಎಣ್ಣೆಗಳ ಪಾಕ ನೀರನ್ನು ತಡೆಯುತ್ತದೆಯೇ ಹೊರತು ಭಾರವನ್ನು ಹೊರಲಾರದು. ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಅಂಟು ಹೊರುತ್ತದೆ. ಆದರೆ ಅದಕ್ಕೂ ಮಡಿಯುಂಟು: ಮರ ಒಣಗಿರಬೇಕು, ಎರಡರ ಪ್ರಮಾಣ ಒಂದಿಷ್ಟೂ ತಪ್ಪಬಾರದು, ಸೆಕೆಯ ಊರಿನಲ್ಲಿ ಕಲಸಿಟ್ಟರೆ ಡಬ್ಬಿಯಲ್ಲೇ ಕಾದು ಕಲ್ಲಾಗುತ್ತದೆ. ಸಾಲದ್ದಕ್ಕೆ ಆ ವಾರ ಮುಂಗಾರಿಗೆ ಮೊದಲಿನ ಮಳೆ ಎರಡು ಸಂಜೆ ಗುಡುಗಿ ಸುರಿಯಿತು. ಮೇಲೆ ತಾಡಪಾಲು ಕಟ್ಟಿ, ಒಳಗೆ ಹಳೆಯ ನೂರು ವಾಟಿನ ಬಲ್ಬುಗಳನ್ನು ತೂಗುಹಾಕಿ, ಮೂರು ದಿನ ಮರವನ್ನು ಬಾಣಂತಿಯ ಹಾಗೆ ಬೆಚ್ಚಗಿಟ್ಟರು. ರಜೆ ಮುಗಿಯುತ್ತ ಬಂದಿತ್ತು; ಮಗನು ಕಚೇರಿಗೆ ಹೇಳಿ ಇನ್ನೊಂದು ವಾರ ಮುಂದೂಡಿದನು. ಕೊನೆಗೆ ಅಂಟಿಗೆ ಅದೇ ಮರದ ಸಣ್ಣ ಹುಡಿ ಬೆರೆಸಿ, ಮೂರು ತೇಪೆಗಳನ್ನೂ ಕೂರಿಸಿ, ಅಂಟೆಲ್ಲ ಹಿಂಡಿಹೋಗದಂತೆ ಹದವಾಗಿ ಬಿಗಿದು ಕಟ್ಟಿದರು. ಗರಗಸದ ಕೆಳಗೆ ಬಿದ್ದ ಹುಡಿ ಹೀಗೆ ಮತ್ತೆ ಮರದೊಳಗೆ ಸೇರಿತೆಂಬುದು ಒಂದು ತಮಾಷೆ.

ನಾಲ್ಕನೆಯ ಪಕ್ಕೆಮರಕ್ಕೆ ಈ ಉಪಚಾರ ಸಾಲದೆಂದು ಮೇಸ್ತ್ರಿಗಳು ನಿರ್ಧರಿಸಿದರು. ಮುಕ್ಕಾಲಂಗುಲ ಹೋದ ಮೇಲೆ ಉಳಿದ ಮರವನ್ನು ನಂಬಿ ಕಡಲಿನ ಬಾಯಿಗೆ ಹೋಗಲಾಗದು. ಅದಕ್ಕೆ ತೇಪೆ ಹಾಕಿದ ಮೇಲೆ ಮಗ್ಗುಲಲ್ಲಿ ಅಷ್ಟೇ ದಪ್ಪದ ಇನ್ನೊಂದು ಬಾಗುಮರವನ್ನು, ಗಾಯದಿಂದ ಮೇಲಕ್ಕೂ ಕೆಳಕ್ಕೂ ಒಂದೊಂದು ಮೊಳ ದಾಟುವಂತೆ, ಜೋಡಿಯಾಗಿ ನಿಲ್ಲಿಸಿದರು. ಕಬ್ಬಿಣ ಬೇಡವೆಂದು ತಾಮ್ರದ ಮೊಳೆ. ಗಾಯದ ಹತ್ತಿರ ಮೊಳೆಯಿಲ್ಲ. ದೂರದಲ್ಲಿಯೂ ಎಲ್ಲವನ್ನೂ ಒಂದೇ ನಾರಿನ ಸಾಲಿಗೆ ಹೊಡೆಯಲಿಲ್ಲ, ಸಾಲು ಸೀಳಿಹೋಗದಿರಲೆಂದು ಒಂದು ಮೇಲೆ ಒಂದು ಕೆಳಗೆ.

ಇನ್ನೊಂದು ಗಾಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊಳೆತ ಹಲಗೆಯ ತುದಿಯನ್ನು ಅಡ್ಡಕ್ಕೆ ಕೊಯ್ಯುವಾಗ ಅಲಗು ಮೇಲಿನ ಹಾಗೂ ಕೆಳಗಿನ ಒಳ್ಳೆಯ ಹಲಗೆಗಳಿಗೆ ಬೆರಳಗಲ ನುಗ್ಗಿತ್ತು. ದುಂಡು ಅಲಗಿನ ಕಚ್ಚು ಹೊರಮೈಯಲ್ಲಿ ಉದ್ದ, ಒಳಗೆ ಹೋದಂತೆ ಗಿಡ್ಡ. ಒಳಗಿನಿಂದ ನೋಡಿದರೆ ಕಾಣದು. ಗೋಡೆ ಕಟ್ಟುವವನು ಒಂದು ಸಾಲಿನ ಸಂದಿನ ಮೇಲೆ ಇನ್ನೊಂದು ಸಾಲಿನ ಸಂದು ಬರದಂತೆ ಕಲ್ಲು ಕೂರಿಸುವುದಿಲ್ಲವೆ? ದೋಣಿಯ ಹಲಗೆಗಳ ತುದಿಗಳನ್ನೂ ಹಾಗೆಯೇ ಬೇರೆ ಬೇರೆ ಕಡೆಗೆ ತರುತ್ತಾರೆ. ಇಲ್ಲಿ ಮೂರು ಹಲಗೆಗಳ ಬಲಹೀನತೆ ಒಂದೇ ಗೆರೆಗೆ ಬಂದು ನಿಂತಿತು. ಮೇಸ್ತ್ರಿಗಳು ಮೇಲಿನ ಕೆಳಗಿನ ಕಚ್ಚುಗಳಿಗೆ ಎಲೆಯ ಆಕಾರದ, ಎರಡು ತುದಿ ಚೂಪಾದ ತೇಪೆಗಳನ್ನು ಕೂರಿಸಿ, ಹೊಸ ಹಲಗೆಯ ತುದಿಯನ್ನು ಅಲ್ಲಿ ನಿಲ್ಲಿಸದೆ ಮೂರು ಅಡಿ ಮುಂದಕ್ಕೆ ಒಯ್ದರು. ಅದಕ್ಕಾಗಿ ಕೊಳೆಯದೆ ಇದ್ದ ಮೂರು ಅಡಿ ಹಳೆಯ ಹಲಗೆಯನ್ನು ಕೊಯ್ದು ತೆಗೆಯಬೇಕಾಯಿತು. ಈ ಸಲ ಕೈಗರಗಸದಿಂದ, ಹಿಡಿದವನು ಮಗ.

ನೂಲು ಹುಣ್ಣಿಮೆಯಂದು ಸಮುದ್ರಪೂಜೆ ಮುಗಿದು ಮೀನುಗಾರರು ಕಡಲಿಗೆ ಹಾಲೆರೆದ ಮೇಲೆ, ಒಂದು ದಿನ ದೋಣಿಯನ್ನು ನೇತ್ರಾವತಿಗೆ ಇಳಿಸಿದರು. ಮಗನು ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸಿನಲ್ಲಿ ಬಂದಿದ್ದನು. ಒಣಗಿದ್ದ ದೋಣಿ ಮೊದಲ ದಿನ ಎಲ್ಲ ಸಂದುಗಳಿಂದಲೂ ನೀರು ಜಿನುಗಿಸಿತು. ಮೊಮ್ಮಕ್ಕಳು ತೆಂಗಿನ ಕರಟದಲ್ಲಿ ನೀರು ಮೊಗೆದು ಚೆಲ್ಲಿ ಸಂಭ್ರಮಪಟ್ಟರು. ಎರಡನೆಯ ದಿನಕ್ಕೆ ಮರ ಉಬ್ಬಿ ಸಂದುಗಳು ಮುಚ್ಚಿಕೊಂಡವು. ದೋಣಿಯ ಒಳಗೆಲ್ಲ ಬಣ್ಣ ಬಳಿದಿದ್ದರೂ ಬಲಪಕ್ಕದ ನಾಲ್ಕು ಕಡೆ ಮಾತ್ರ ಬರಿಯ ಎಣ್ಣೆ ಸವರಿ ಮರ ಕಾಣುವಂತೆ ಬಿಟ್ಟಿದ್ದರು. ಅಂದಕ್ಕೆ ಕೊರತೆಯಾಯಿತೆಂದು ಸೊಸೆ ಹೇಳಿದಾಗ ಯಜಮಾನರು, “ಮೇಸ್ತ್ರಿಗಳು ಬೇಡವೆಂದಿದ್ದಾರೆ,” ಎಂದಷ್ಟೇ ಅಂದರು.

ಮುಂದಿನ ವರ್ಷದ ಮೇ ತಿಂಗಳಲ್ಲಿ ದೋಣಿಯನ್ನು ಮತ್ತೆ ದಡಕ್ಕೆ ಎಳೆದರು. ಮೇಸ್ತ್ರಿಗಳು ಬಂದು, ಯಾರನ್ನೂ ಮಾತಾಡಿಸದೆ, ನೇರವಾಗಿ ಬಲಪಕ್ಕಕ್ಕೆ ಹೋಗಿ, ತೆಂಗಿನ ಕಡ್ಡಿಯೊಂದನ್ನು ಸೀಳಿ ತೇಪೆಯ ಅಂಚಿನುದ್ದಕ್ಕೂ ಒತ್ತುತ್ತ ಬಂದರು. ಮೊದಲನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದರ ಹತ್ತಿರ ಕನ್ನಡಕವನ್ನು ಒರೆಸಿಕೊಂಡು ಇನ್ನೊಮ್ಮೆ ಒತ್ತಿದರು. ಕಡ್ಡಿ ಬಾಗಿತು, ಒಳಗೆ ಹೋಗಲಿಲ್ಲ. ಅದನ್ನು ಎಸೆದು, ಮಗನ ಕಡೆಗೆ ತಿರುಗಿ, ಎಲೆಯಡಿಕೆಯ ತಟ್ಟೆಯನ್ನು ತರಲು ಹೇಳಿದರು.